ಶಂಭುನಾಥ ಡೇ ಅವರಿಗೂ ಅರ್ಧ ಪುಟ ಕೊಡಿ

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು. ನ್ಯೂಟನ್ನನ ಸೇಬು, ಆರ್ಕಿಮಿಡೀಸನ ಸ್ನಾನದ ತೊಟ್ಟಿ ಎಂದರೆ ಹಿಂದಿನ ಬೆಂಚಿನ ಮಕ್ಕಳೂ ಕೈಯೆತ್ತುತ್ತಾರೆ. ಕಾಲರಾ ಎಂದರೆ ರಾಬರ್ಟ್ ಕಾಖ್ ಹೆಸರು ಬರುತ್ತದೆ. ಶಂಭುನಾಥ ಡೇ ಯಾರೆಂದು ಕೇಳಿದರೆ ಮಕ್ಕಳಿರಲಿ, ನನ್ನ ಜತೆಯ ಶಿಕ್ಷಕರಲ್ಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಇದು ಅನ್ಯಾಯ.

ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಅದು ಯಾವುದೋ ವಿಷ ಬಿಡುತ್ತಿರಬೇಕು ಎಂದೂ ಹೇಳಿದರು. ಆದರೆ ಆ ವಿಷ ದಶಕಗಳು ಕಳೆದರೂ ಕೈಗೆ ಸಿಗಲಿಲ್ಲ. ಸಂಶೋಧಕರು ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊಳ್ಳಿಗೆ ರೋಗಾಣು ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತರೂ ಕಾಲರಾದ ಭೇದಿ ಮಾತ್ರ ಕಾಣಿಸಲಿಲ್ಲ.

ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಡೇ, ಲಂಡನ್ನಿನಲ್ಲಿ ಪಿಎಚ್‌.ಡಿ. ಮುಗಿಸಿ ಕಲ್ಕತ್ತೆಗೆ ಮರಳಿದವರು. ಕಾಯಿಲೆ ಕರುಳಿನದು, ಹಾಗಾದರೆ ಹುಡುಕಬೇಕಾದದ್ದೂ ಕರುಳಿನಲ್ಲೇ ಎಂದುಕೊಂಡರು. ಅರಿವಳಿಕೆ ಕೊಟ್ಟ ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ರೇಷ್ಮೆ ದಾರದಿಂದ ಬಿಗಿದು, ನಡುವೆ ರೋಗಾಣು ಚುಚ್ಚಿ, ಹೊಟ್ಟೆ ಹೊಲಿದರು. ಮರುದಿನ ಬಿಚ್ಚಿ ನೋಡಿದರೆ ಆ ಭಾಗ ಉಬ್ಬಿ ನಿಂತಿತ್ತು, ಒಳಗೆ ಅಕ್ಕಚ್ಚಿನಂಥ ನೀರು. ಕಾಲರಾ ರೋಗಿಗೆ ಆಗುವ ಭೇದಿಯೂ ಅದೇ ಬಣ್ಣದ್ದು. 1953ರಲ್ಲಿ ಇದು ಪ್ರಕಟವಾಯಿತು. ಬಳಿಕ ರೋಗಾಣುಗಳನ್ನು ಸೋಸಿ ತೆಗೆದು ಬರಿಯ ತಿಳಿಯನ್ನೇ ಚುಚ್ಚಿದರು. ಆಗಲೂ ಕರುಳು ಉಬ್ಬಿತು! ವಿಷ ಇರುವುದು ಸಾಬೀತಾಯಿತು. 1959ರಲ್ಲಿ 'ನೇಚರ್' ಪತ್ರಿಕೆ ಅದನ್ನು ಅಚ್ಚುಹಾಕಿತು.

ಮೊಲ, ದಾರ, ಸೂಜಿ, ಸೋಸುವ ಸಾಧನ. ಒಂದು ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳುವುದು ಹೇಗೆಂದು ಹದಿಮೂರು ವರ್ಷದ ಮಗುವಿಗೂ ಅರ್ಥವಾಗುವಂತೆ ತೋರಿಸುವ ಇಂಥ ಪ್ರಯೋಗ ಇನ್ನೊಂದನ್ನು ನಾನು ಕಂಡಿಲ್ಲ.

ಈ ವಿಷ ಕರುಳಿನ ಗೋಡೆಯನ್ನು ಹಾಳುಗೆಡವುವುದಿಲ್ಲ, ಅದರಿಂದ ನೀರು ಸುರಿಯುವಂತೆ ಮಾಡುತ್ತದೆ. ಸಕ್ಕರೆಯ ಜತೆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುವ ಶಕ್ತಿ ಕರುಳಿಗೆ ಆಗಲೂ ಇರುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ ಓಆರ್‌ಎಸ್ ಪೊಟ್ಟಣ ಕೆಲಸ ಮಾಡುವುದು ಇದೇ ಬಲದ ಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಬನಗಾಂವಿನಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್, ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ಇರಿಸಿದರು. ಕುಡಿಸಿದವರು ರೋಗಿಗಳ ಮನೆಯವರೇ. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು.

ಡೇ 1973ರಲ್ಲಿ ನಿವೃತ್ತರಾದರು, 1985ರಲ್ಲಿ ತೀರಿಕೊಂಡರು. ಬದುಕಿದ್ದಾಗ ನಮ್ಮ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಅವರ ಬಗ್ಗೆ ವಿಶೇಷ ಸಂಚಿಕೆ ತಂದಾಗ 1990 ಆಗಿತ್ತು.

ಪಠ್ಯ ರಚಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಸಾಂಕ್ರಾಮಿಕ ರೋಗಗಳ ಪಾಠದಲ್ಲಿ ಕಾಖ್ ಪಕ್ಕ ಡೇ ಅವರಿಗೂ ಅರ್ಧ ಪುಟ ಕೊಡಿ, ಜತೆಗೆ ಆ ಮೊಲದ ಪ್ರಯೋಗದ ಚಿತ್ರ ಹಾಕಿ. ಪುಸ್ತಕ ಬದಲಾಗುವವರೆಗೆ ಶಿಕ್ಷಕರು ಕಾಯಬೇಕಾಗಿಲ್ಲ; ಬರುವ ವಾರವೇ ತರಗತಿಯಲ್ಲಿ ಹೇಳಬಹುದು.