ಗಾಡಿಗೊಂದು ಅಡಿಟಿಪ್ಪಣಿ

ಮಾರುವವರ ಮಾತಿಗೂ ಕವಿಗಳ ಮಾತಿಗೂ ಒಂದು ನಂಟು ಉಂಟು. ಇಬ್ಬರೂ ಇದ್ದುದನ್ನು ಇದ್ದುದಕ್ಕಿಂತ ತುಸು ಹೆಚ್ಚಾಗಿ ಹೊಳೆಯುವಂತೆ ಮಾಡುತ್ತಾರೆ. ಕವಿಯ ಹೊಳಪನ್ನು ನಾವು ಅಲಂಕಾರವೆಂದು ಬಲ್ಲೆವು, ಆದುದರಿಂದ ಮೋಸಹೋಗುವುದಿಲ್ಲ. ಮಾರುವವನ ಹೊಳಪನ್ನಾದರೋ ವಸ್ತುಸ್ಥಿತಿಯೆಂದೇ ತಿಳಿದು ಹಣ ಎಣಿಸಿಕೊಡುತ್ತೇವೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕಳುಹಿಸಿಕೊಟ್ಟ ಒಂದು ಜಾಹೀರಾತು ಈ ವಿಚಾರಕ್ಕೆ ಎಡೆಮಾಡಿತು. 1965ರ ಪಾಂಟಿಯಾಕ್ ಜಿ.ಟಿ.ಓ. ಮೋಟಾರು ಗಾಡಿಯೊಂದು ಮಾರಾಟಕ್ಕಿದೆ. ಬಣ್ಣ ಕೆಂಪು, ಕಾರ್ಬ್ಯುರೇಟರು ಮೂರು, ಗೇರು ನಾಲ್ಕು. ನಖಶಿಖಾಂತ ಜೀರ್ಣೋದ್ಧಾರವಾಗಿದೆ, ಕಾರ್ಖಾನೆಯಿಂದ ಹೊರಬಂದ ದಿನ ಇದ್ದುದಕ್ಕಿಂತಲೂ ಈಗ ಚೆನ್ನಾಗಿದೆ. ಜಾಹೀರಾತಿನ ಸಾರಾಂಶ ಇಷ್ಟು.

ಆ ಗಾಡಿಯನ್ನು ಕೊಳ್ಳುವ ಶಕ್ತಿಯಾಗಲಿ ನಿಲ್ಲಿಸುವ ಜಾಗವಾಗಲಿ ನನಗಿಲ್ಲ. ಆದರೆ ಹೊಸದಕ್ಕಿಂತಲೂ ಚೆನ್ನಾದ ಹಳೆಯದು ಎಂಬ ಆ ಕಲ್ಪನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಹಳೆಯ ಗ್ರಂಥಗಳ ಪಾಠನಿರ್ಣಯವನ್ನು ತರಗತಿಯಲ್ಲಿ ಬೋಧಿಸುವವನಿಗೆ ಇದು ತನ್ನ ಅಂಗಡಿಯದೇ ಸರಕಿನಂತೆ ಕಂಡರೆ ಆಶ್ಚರ್ಯವೇನು?

ಈ ಜಾತಿಯ ಗಾಡಿಯನ್ನು ಅಮೆರಿಕನ್ನರು ‘ಮಸಲ್ ಕಾರು’ ಎನ್ನುತ್ತಾರೆ. ನಾವು ಕಟ್ಟುಮಸ್ತಿನ ಗಾಡಿ ಎನ್ನಬಹುದು. ನಡುಗಾತ್ರದ, ಸಂಸಾರವಂದಿಗರ ಗಾಡಿಯೊಳಗೆ ದೊಡ್ಡ ಗಾಡಿಯ ಭಾರಿ ಎಂಜಿನನ್ನು ಇಳಿಸಿ, ಯುವಕರ ಕೈಗೆಟಕುವ ಬೆಲೆಗೆ ಮಾರುವುದು ಇದರ ಗುಟ್ಟು. 1964ರ ಜಿ.ಟಿ.ಓ.ವನ್ನೇ ಈ ವಂಶದ ಮೂಲಪುರುಷನೆಂದು ಬಹುಮಂದಿ ಎಣಿಸುತ್ತಾರೆ. ನಡುಗಾತ್ರದ ಗಾಡಿಗಳಲ್ಲಿ 330 ಘನ ಇಂಚಿಗಿಂತ ದೊಡ್ಡ ಎಂಜಿನು ಕೂಡದೆಂದು ಜನರಲ್ ಮೋಟಾರ್ಸ್ ಕಂಪೆನಿ ಆಗ ಕಟ್ಟಳೆ ಮಾಡಿದ್ದಿತು. ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರಾಗಿದ್ದ ಪಾಂಟಿಯಾಕ್ ವಿಭಾಗದವರು ಆ ಕಟ್ಟಳೆಗೆ ಒಂದು ಕಿಂಡಿ ಕಂಡುಕೊಂಡರು. 389 ಘನ ಇಂಚಿನ, ಎಂದರೆ ಸುಮಾರು 6.4 ಲೀಟರಿನ ಎಂಜಿನನ್ನು ಹೊಸ ಗಾಡಿಯೆಂದು ಹೇಳದೆ, ‘ಲೆ ಮಾನ್ಸ್’ ಎಂಬ ಗಾಡಿಗೆ ಬೇಕಾದವರು ಸುಮಾರು 296 ಡಾಲರು ಹೆಚ್ಚಿಗೆ ತೆತ್ತು ಸೇರಿಸಿಕೊಳ್ಳಬಹುದಾದ ಐಚ್ಛಿಕ ಪರಿಕರವೆಂದು ಪಟ್ಟಿಯಲ್ಲಿ ಸೇರಿಸಿಬಿಟ್ಟರು. ನಮ್ಮ ಬೀದಿಗಳ ಸಣ್ಣ ಗಾಡಿಗಳ ಎಂಜಿನು ಒಂದೂಕಾಲು ಲೀಟರಿನ ಆಸುಪಾಸಿನದೆಂಬುದನ್ನು ನೆನೆದರೆ ಇದರ ಗಾತ್ರ ವಾಚಕರಿಗೆ ಮನದಟ್ಟಾದೀತು. ಮೊದಲ ವರ್ಷವೇ 32,450 ಗಾಡಿಗಳು ಮಾರಾಟವಾದುವು, ಮರುವರ್ಷ 75,352.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಜಿ.ಟಿ.ಓ. ಎಂಬ ಹೆಸರೇ ಇಟಲಿಯ ಫೆರಾರಿಯಿಂದ ಎರವಲು ತಂದದ್ದು. ಸ್ಪರ್ಧೆಗೆ ವಿಧಿವತ್ತಾಗಿ ಅಂಗೀಕೃತವಾದ ಗಾಡಿ ಎಂದು ಅದರ ಅರ್ಥ. ಪಾಂಟಿಯಾಕಿನ ಗಾಡಿ ಹಾಗೆ ಅಂಗೀಕೃತವಾಗಿರಲಿಲ್ಲ. 1964ರ ಮಾರ್ಚಿಯಲ್ಲಿ ‘ಕಾರ್ ಆಂಡ್ ಡ್ರೈವರ್’ ಪತ್ರಿಕೆ ಇದನ್ನು ಪರೀಕ್ಷಿಸಿ, ನಿಂತಲ್ಲಿಂದ ಗಂಟೆಗೆ 60 ಮೈಲಿಯ ವೇಗಕ್ಕೆ 4.6 ಸೆಕೆಂಡಿನಲ್ಲಿ ಮುಟ್ಟಿತೆಂದು ಬರೆಯಿತು. ಗಾಡಿಯ ಕೀರ್ತಿ ದೇಶವೆಲ್ಲ ಹಬ್ಬಿತು. ಪರೀಕ್ಷೆಗೆ ಒದಗಿಸಿದ ಗಾಡಿಯೊಳಗಿದ್ದುದು 389ರ ಎಂಜಿನಲ್ಲ, 421 ಘನ ಇಂಚಿನದೆಂದು ಅಂದಿನ ಪ್ರಚಾರದ ಸೂತ್ರಧಾರರಾದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷಗಳ ತರುವಾಯ ತಾವೇ ಹೇಳಿದರು. ಹೊರಗಿನಿಂದ ನೋಡಿದರೆ ಎರಡೂ ಎಂಜಿನುಗಳು ಒಂದೇ ತೆರ. ಎಂದರೆ, ಮೂಲಪ್ರತಿಯ ಮೊದಲನೆಯ ಪುಟದಲ್ಲಿಯೇ ಪ್ರಕ್ಷಿಪ್ತ ಸೇರಿಕೊಂಡಂತಾಯಿತು!

ಈ ವಂಶದ ವೈಭವ ಹತ್ತು ವರ್ಷವೂ ಪೂರ್ತಿಯಾಗಿ ನಡೆಯಲಿಲ್ಲ. ವಿಮಾ ಕಂಪೆನಿಗಳು ಯುವಚಾಲಕರ ಮೇಲೆ ಕಂತಿನ ಹೊರೆಯನ್ನು ಏರಿಸಿದುವು. 1970ರಲ್ಲಿ ವಾಯುಶುದ್ಧಿಯ ಕಾನೂನು ಬಿಗಿಯಾಯಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದುವು. ಕಾಲವಾದ ಕುದುರೆಗಳು ಒಂದೊಂದಾಗಿ ಗುಜರಿಗೆ ಹೋದುವು. ಬಳಿಕ, ಹದಿನೆಂಟರ ವಯಸ್ಸಿನಲ್ಲಿ ಅವುಗಳನ್ನು ಆಸೆಗಣ್ಣಿನಿಂದ ನೋಡಿದ್ದ ಹುಡುಗರು ಕೈಯಲ್ಲಿ ಹಣವುಳ್ಳ ಗೃಹಸ್ಥರಾದರು, ಗುಜರಿ ಚಿನ್ನವಾಯಿತು. ಪಾಂಟಿಯಾಕನ್ನು ನಿಲ್ಲಿಸುವುದಾಗಿ ಜನರಲ್ ಮೋಟಾರ್ಸ್ 2009ರಲ್ಲಿ ಸಾರಿದ ಮೇಲೆ ಹೆತ್ತ ಮನೆಯೂ ಇಲ್ಲದಾಯಿತು. ಉಳಿದ ಗಾಡಿಗಳಿಗೆ ಇಂದು ತೆರುತ್ತಿರುವ ಬೆಲೆ ಕಬ್ಬಿಣಕ್ಕೆ ಮಾತ್ರವಲ್ಲ, ಕಳೆದ ಯೌವನಕ್ಕೂ ಸೇರಿದುದು.

ಬೆಲೆ ಏರಿದಲ್ಲಿ ನಕಲು ಹುಟ್ಟುವುದು ಲೋಕಸ್ವಭಾವ. ಜಿ.ಟಿ.ಓ.ದ ವಿಷಯದಲ್ಲಂತೂ ಕಾರ್ಖಾನೆಯೇ ನಕಲಿಗೆ ದಾರಿಮಾಡಿಕೊಟ್ಟಂತಿದೆ. 1964 ಮತ್ತು 1965ರಲ್ಲಿ ಅದು ಬೇರೆ ಗಾಡಿಯಾಗಿರದೆ ಐಚ್ಛಿಕ ಪರಿಕರವಾಗಿದ್ದುದರಿಂದ, ಗಾಡಿಯ ಗುರುತುಸಂಖ್ಯೆ ‘ನಾನು ಲೆ ಮಾನ್ಸ್’ ಎಂದು ಹೇಳುತ್ತದೆಯೇ ಹೊರತು ‘ನಾನು ಜಿ.ಟಿ.ಓ.’ ಎಂದು ಹೇಳುವುದಿಲ್ಲ. ಸಂಖ್ಯೆಯಲ್ಲೇ ಗುರುತು ಸಿಕ್ಕುವುದು 1966ರಿಂದ ಈಚೆಗೆ. ಆದುದರಿಂದ ಸಾಮಾನ್ಯ ಲೆ ಮಾನ್ಸ್ ಒಂದನ್ನು ತಂದು, ಬೇಕಾದ ಎಂಜಿನನ್ನೂ ಬಿಲ್ಲೆಗಳನ್ನೂ ಜೋಡಿಸಿದರೆ ಕಣ್ಣಿಗೆ ಭೇದ ತೋರದು. ನಿಜವನ್ನು ಬಲ್ಲದ್ದು ಕಾಗದವೊಂದೇ. ಕಾರ್ಖಾನೆಯ ಹಳೆಯ ಲೆಕ್ಕಪತ್ರಗಳ ಪ್ರತಿಗಳನ್ನು ಕಾಪಾಡಿಕೊಂಡು ಬಂದಿರುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಎಂಬ ಸಂಸ್ಥೆ ಕೇಳಿದವರಿಗೆ ಅದರ ನಕಲನ್ನು ಒದಗಿಸುತ್ತದೆ. ನನಗೆ ಬಂದ ಜಾಹೀರಾತಿನಲ್ಲಿ ಈ ಕಾಗದದ ಸುಳಿವೇ ಇರಲಿಲ್ಲ. ಬಣ್ಣದ ವರ್ಣನೆಗೆ ಮಾತ್ರ ನಾಲ್ಕು ವಾಕ್ಯಗಳು ಮೀಸಲಾಗಿದ್ದುವು.

ಇನ್ನು ಜೀರ್ಣೋದ್ಧಾರದ ಬಗೆ. ಗಾಡಿಯ ಒಡಲನ್ನು ಚೌಕಟ್ಟಿನಿಂದ ಬೇರ್ಪಡಿಸಿ, ಬೇಕಾದ ಕಡೆಗೆ ಹೊರಳಿಸಬಹುದಾದ ಕಂಬಗಳ ನಡುವೆ ತೂಗುಹಾಕಿ, ಹಳೆಯ ಬಣ್ಣವನ್ನೂ ತುಕ್ಕನ್ನೂ ಲೋಹದವರೆಗೆ ಉಜ್ಜಿ ತೆಗೆಯುತ್ತಾರೆ. ತುಕ್ಕು ತಿಂದ ತಳದ ತಗಡನ್ನು ಕತ್ತರಿಸಿ ಹೊಸದಾಗಿ ಒತ್ತಿದ ತಗಡನ್ನು ಬೆಸೆಯುತ್ತಾರೆ. ಇಂಥ ಬಿಡಿಭಾಗಗಳ ಉದ್ಯಮ ಎಷ್ಟು ಬೆಳೆದಿದೆಯೆಂದರೆ, 1969ರ ಶೆವ್ರೊಲೆ ಕೆಮಾರೋದ ಇಡೀ ಒಡಲೇ ಹೊಸದಾಗಿ ತಯಾರಾಗಿ ಮಾರಾಟಕ್ಕೆ ಬಂದಿದೆ. ಅರವತ್ತರ ದಶಕದಲ್ಲಿ ಜನರಲ್ ಮೋಟಾರ್ಸಿನವರು ಬಳಿಯುತ್ತಿದ್ದುದು ಅಕ್ರಿಲಿಕ್ ಲ್ಯಾಕರು. ಇಂದು ಬಳಿಯುವುದು ಸಾಮಾನ್ಯವಾಗಿ ಬಣ್ಣದ ಮೇಲೊಂದು ಪಾರದರ್ಶಕ ಲೇಪ. ಕನ್ನಡಿಯಂಥ ಆ ಹೊಳಪು 1965ರ ಯಾವ ಗಾಡಿಗೂ ಇದ್ದಿರಲಾರದು. ಕಾರ್ವೆಟ್ ಗಾಡಿಗಳ ಜೀರ್ಣೋದ್ಧಾರಕರು 1974ರಲ್ಲಿ ಸ್ಥಾಪಿಸಿಕೊಂಡ ಸಂಘ ಇದನ್ನು ಚೆನ್ನಾಗಿ ಅರಿತಿದೆ. ಅಂದಗೊಳಿಸಿದುದಕ್ಕೆ ಅಲ್ಲಿ ಬಹುಮಾನವಿಲ್ಲ. ಕಾರ್ಖಾನೆಯಿಂದ ಹೊರಟಾಗ ಗಾಡಿ ಹೇಗಿತ್ತೋ ಹಾಗಿದೆಯೇ ಎಂಬುದೇ ಅಲ್ಲಿನ ಒರೆಗಲ್ಲು.

ಹಾಗಾದರೆ ಜೀರ್ಣೋದ್ಧಾರವೇ ಸುಳ್ಳೇ? ಖಂಡಿತ ಅಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಒಡೆದುದನ್ನು, ಬಿರಿದುದನ್ನು ಸರಿಪಡಿಸುವ ಸಲುವಾಗಿ ಇಂಥವರು ಇಷ್ಟು ಭೂಮಿಯನ್ನು ಬಿಟ್ಟರೆಂದು ದೇಗುಲದ ಕಲ್ಲಿನ ಮೇಲೆಯೇ ಬರೆಸುತ್ತಿದ್ದರು. ಒಡೆಯುತ್ತದೆಂಬುದನ್ನು ಮುಚ್ಚಿಡುವ ನಾಚಿಕೆ ಅವರಿಗಿರಲಿಲ್ಲ. ಸರಿಪಡಿಸುವುದು ಪುಣ್ಯವಾದುದರಿಂದ ಅದಕ್ಕೆ ದಾಖಲೆಯೂ ಇದ್ದಿತು. ಗ್ರಂಥಸಂಪಾದಕನ ಧರ್ಮವೂ ಇದೇ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳು ಇದನ್ನು ಬಲ್ಲರು. ಓಲೆಯಲ್ಲಿ ಹುಳು ತಿಂದ ಅಕ್ಷರವನ್ನು ಊಹಿಸಿ ತುಂಬುವ ಅಧಿಕಾರ ಸಂಪಾದಕನಿಗೆ ಉಂಟು. ಆದರೆ ತುಂಬಿದೆನೆಂದು ಸೂಚಿಸಬೇಕು, ಪ್ರತಿಯಲ್ಲಿದ್ದ ಪಾಠವನ್ನು ಪುಟದ ಅಡಿಯಲ್ಲಿ ಕೊಡಬೇಕು. ಆ ಅಡಿಟಿಪ್ಪಣಿಯಿಂದಲೇ ಅವನ ತಿದ್ದುಪಡಿ ವಿದ್ವತ್ತಾಗುತ್ತದೆ. ಅದನ್ನು ಬಿಟ್ಟರೆ ಅದೇ ತಿದ್ದುಪಡಿ ಪ್ರಕ್ಷಿಪ್ತವಾಗುತ್ತದೆ.

ಮೋಟಾರು ಗಾಡಿಗೂ ಈ ನಿಯಮ ಸಲ್ಲಬೇಕೆಂಬುದೇ ನನ್ನ ವಾದ. ತಳದ ತಗಡು ಹೊಸದು, ಎಂಜಿನು ಬೇರೊಂದು ಗಾಡಿಯದು, ಬಣ್ಣ ಇಂದಿನದು, ಬಾಗಿಲು ಮಾತ್ರ ಮೊದಲಿನದು ಎಂದು ಬರೆದು ಮಾರಿದರೆ ಅದು ಮರ್ಯಾದೆಯ ವ್ಯಾಪಾರ. ನಕಲನ್ನು ನಕಲೆಂದೇ ಹೇಳಿ ಮಾರುವವರು ಅಮೆರಿಕದಲ್ಲಿ ಇದ್ದಾರೆ. ಅವರಿಗೆ ಕೊಳ್ಳುವವರೂ ಇದ್ದಾರೆ. ಆಕ್ಷೇಪಣೆಗೆ ತಕ್ಕವನು ಮತ್ತೊಬ್ಬ. ಆ ದಶಕದ ಕೊನೆಯ ವರ್ಷಗಳ ಗಾಡಿಗಳಲ್ಲಿ ಗುರುತುಸಂಖ್ಯೆಯ ಒಂದು ಭಾಗವನ್ನು ಎಂಜಿನಿನ ಮೇಲೂ ಒತ್ತಿರುತ್ತಾರೆ. ಎರಡು ಸಂಖ್ಯೆಗಳೂ ಹೊಂದಿದರೆ ಬೆಲೆ ಹೆಚ್ಚು. ಅದಕ್ಕಾಗಿ ಬೇರೆ ಎಂಜಿನೊಂದರ ಮೇಲಿನ ಸಂಖ್ಯೆಯನ್ನು ಅರೆದು ಅಳಿಸಿ, ಬೇಕಾದ ಸಂಖ್ಯೆಯನ್ನು ಒತ್ತುವವರುಂಟು. ಇದು ಶಾಸನವನ್ನು ಕೆತ್ತಿಹಾಕಿ ಅದೇ ಕಲ್ಲಿನ ಮೇಲೆ ತನ್ನ ಹೆಸರನ್ನು ಬರೆಸಿಕೊಂಡಂತೆ. ಇಲ್ಲಿ ಒಂದು ಸುಳ್ಳು ಹುಟ್ಟಿತೆಂಬುದಕ್ಕಿಂತ ಒಂದು ನಿಜ ಸತ್ತಿತೆಂಬುದೇ ದೊಡ್ಡ ನಷ್ಟ. ಆ ಎಂಜಿನು ಯಾವ ಗಾಡಿಯೊಡನೆ ಹುಟ್ಟಿತ್ತೆಂಬುದನ್ನು ಇನ್ನು ಯಾರೂ ತಿಳಿಯಲಾರರು.

‘ಕೊಂಡವನಿಗೆ ಸಂತೋಷ, ಮಾರಿದವನಿಗೆ ಲಾಭ, ನಡುವೆ ಮೇಷ್ಟರಿಗೇಕೆ ಉಸಾಬರಿ?’ ಎಂದು ಕೇಳುವವರು ಇರಬಹುದು. ಕೊಂಡವನ ಸಂತೋಷ ನಿಜವಾದುದೇ. ಆದರೆ ನಷ್ಟ ಇವರಿಬ್ಬರಲ್ಲೇ ಮುಗಿಯುವುದಿಲ್ಲ. ನಕಲುಗಳು ಹೆಚ್ಚಿದಷ್ಟೂ ಅಸಲಿನ ಸಾಕ್ಷ್ಯ ದುರ್ಬಲವಾಗುತ್ತದೆ. ಮುಂದೆ ಒಬ್ಬ ಪ್ರಾಮಾಣಿಕ ನಿಜವಾದ ಗಾಡಿಯನ್ನು ತಂದು ನಿಲ್ಲಿಸಿದಾಗಲೂ ಜನ ಅನುಮಾನದಿಂದಲೇ ನೋಡುತ್ತಾರೆ. ಸೇರಿಸಿದ ಪದ್ಯಗಳು ಹೆಚ್ಚಿದ ಕಾವ್ಯದಲ್ಲಿ ಕವಿಯ ಸ್ವಂತ ಪದ್ಯಕ್ಕೂ ಇದೇ ಗತಿಯಲ್ಲವೆ?

ಇದರ ಇನ್ನೊಂದು ಮುಖವನ್ನು 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮಿಯಲ್ಲಿ ನಡೆದ ಹರಾಜು ತೋರಿಸಿತು. 1968ರ ‘ಬುಲಿಟ್’ ಚಲಚ್ಚಿತ್ರದಲ್ಲಿ ಸ್ಟೀವ್ ಮ್ಯಾಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ ಅಲ್ಲಿಗೆ ಬಂದಿತ್ತು. 1974ರಲ್ಲಿ ಒಂದು ಕುಟುಂಬ ಅದನ್ನು ಕೊಂಡು ಮನೆಯ ಗಾಡಿಯಾಗಿ ಬಳಸಿತ್ತು. ಬಣ್ಣ ಮಾಸಿತ್ತು, ತುಕ್ಕು ಹಿಡಿದಿತ್ತು. ಓಡುವಂತೆ ಮಾಡಿದ್ದರೇ ವಿನಾ ಅಂದಗೊಳಿಸಿರಲಿಲ್ಲ. ಹರಾಜಿನವರ ದಸ್ತೂರಿಯೂ ಸೇರಿ ಅದಕ್ಕೆ ಬಂದ ಬೆಲೆ 37 ಲಕ್ಷ 40 ಸಾವಿರ ಡಾಲರು. ನಟನ ಹೆಸರಿಗೆ ಅದರಲ್ಲಿ ದೊಡ್ಡ ಪಾಲು ಸಲ್ಲುತ್ತದೆಂಬುದು ನಿಜ. ಆದರೂ ಆ ಗಾಡಿಯನ್ನು ಉಜ್ಜಿ ಹೊಳೆಯಿಸಿದ್ದರೆ ಯಾವುದು ಹೋಗುತ್ತಿತ್ತೆಂಬುದನ್ನು ಅಲ್ಲಿದ್ದವರು ತಿಳಿದಿದ್ದರು. ಬಣ್ಣವನ್ನು ಎಷ್ಟು ಬಾರಿಯಾದರೂ ಹೊಸದಾಗಿ ಬಳಿಯಬಹುದು. ಮೊದಲನೆಯ ಬಣ್ಣವಾಗಿ ಬಳಿಯುವುದು ಒಮ್ಮೆ ಮಾತ್ರ.

ಹಾಗೆಂದು ತುಕ್ಕನ್ನೇ ಪೂಜಿಸಬೇಕೆಂದು ನಾನು ಹೇಳುವುದಿಲ್ಲ. ತಳ ಕಳಚಿಬಿದ್ದ ಗಾಡಿಯನ್ನು ಹಾಗೆಯೇ ಬಿಟ್ಟರೆ ಮಣ್ಣಾಗುತ್ತದೆ. ಅದನ್ನು ಎತ್ತಿ, ವರ್ಷಗಟ್ಟಲೆ ದುಡಿದು, ಮತ್ತೆ ರಸ್ತೆಗೆ ತರುವವನ ಶ್ರದ್ಧೆಗೆ ನನ್ನ ನಮಸ್ಕಾರವಿದೆ. ಅವನ ದುಡಿಮೆಗೆ ಯೋಗ್ಯವಾದ ಗೌರವವೆಂದರೆ ಅದನ್ನು ಅವನ ದುಡಿಮೆಯೆಂದೇ ಹೇಳುವುದು. ‘ಹೊಸದಕ್ಕಿಂತ ಚೆನ್ನಾಗಿದೆ’ ಎಂಬ ಮಾತು 1965ರ ಕಾರ್ಮಿಕನ ಕೆಲಸವನ್ನೂ ಮರೆಸುತ್ತದೆ, ಇಂದಿನ ಕುಶಲಿಯ ಕೆಲಸವನ್ನೂ ಮರೆಸುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಬರೆದ ಉತ್ತರ ಚಿಕ್ಕದು. ಗಾಡಿಯನ್ನು ನೋಡುವ ಮೊದಲು ಕಾಗದವನ್ನು ಕೇಳಿರಿ. ಯಾವುದು ಹಳೆಯದು, ಯಾವುದು ಹೊಸದು, ಯಾವುದು ಬೇರೆಡೆಯಿಂದ ಬಂದುದು ಎಂದು ಮೂರು ಪಟ್ಟಿಗಳನ್ನು ಬರೆದುಕೊಡುವಂತೆ ಹೇಳಿರಿ. ಬರೆದುಕೊಟ್ಟರೆ, ಎಂಜಿನು ಬೇರೆಯದಾದರೂ ಚಿಂತೆಯಿಲ್ಲ, ಆ ಮನುಷ್ಯನೊಡನೆ ವ್ಯವಹರಿಸಬಹುದು. ಬಣ್ಣದ ಮಾತನ್ನೇ ಮುಂದುವರಿಸಿದರೆ, ಗಾಡಿ ಎಷ್ಟೇ ಹೊಳೆಯಲಿ, ಕೈಮುಗಿದು ಹಿಂದಿರುಗಿರಿ.