ಜೋಳಿಗೆ ಬಾಗಿಲಿಗೆ ಹೋಗಿತ್ತು, ನಾವು ಬಾಗಿಲು ಹಾಕುತ್ತೇವೆ



ಆಗಸ್ಟ್ 1 ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ವ್ಯಸನಮುಕ್ತ ದಿನ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಭಾವಚಿತ್ರಕ್ಕೆ ಹೂಮಾಲೆ, ಒಂದು ಪ್ರತಿಜ್ಞೆ, ಎರಡು ಭಾಷಣ. ಮರುದಿನ ಹಾಸ್ಟೆಲಿನಲ್ಲಿ ಹುಡುಗನೊಬ್ಬ ಕುಡಿದು ಸಿಕ್ಕರೆ ಗಂಟುಮೂಟೆ ಕಟ್ಟಿಸಿ ಹೊರಗೆ. ಈ ನಿಯಮ ತಪ್ಪು ಎನ್ನುತ್ತೇನೆ. ಆ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ.

ಹಲವು ವರ್ಷ ನಾನು ಪ್ರಸಾದ ನಿಲಯವೊಂದರ ವಾರ್ಡನ್ ಆಗಿದ್ದೆ. ಪದವಿ ಎರಡನೇ ವರ್ಷದ ಹುಡುಗನ ಟ್ರಂಕಿನಲ್ಲಿ ಗಾಂಜಾ ಸಿಕ್ಕಿತು. "ಬಿಡಬೇಕಂತ ಮಾಡೀನ್ರಿ ಸರ, ಆಗವಲ್ದು" ಎಂದ. ಆ ಮಾತಿಗೆ ಉತ್ತರವಾಗಿ ನಾನು ಅವನನ್ನು ಹೊರಹಾಕುವ ಪತ್ರಕ್ಕೆ ಸಹಿ ಹಾಕಿದೆ. ರೈತ ತಂದೆ ಬಂದು, ಟ್ರಂಕು ಹೊತ್ತು, ನನ್ನತ್ತ ನೋಡದೆ ಹೋದರು. ಹುಡುಗ ಪದವಿ ಮುಗಿಸಲಿಲ್ಲ, ಚಟವನ್ನೂ ಬಿಡಲಿಲ್ಲ. ನಿಲಯ ಶುದ್ಧವಾಯಿತೆಂದು ನಾವು ತಿಳಿದೆವು. ಉಳಿದ ಹುಡುಗರು ಮಾತ್ರ ಬಚ್ಚಿಡುವುದನ್ನು ಕಲಿತರು.

ಇಳಕಲ್ಲಿನ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ದುಡ್ಡು ಬೇಡಲಿಲ್ಲ, ಕಾಳು ಬೇಡಲಿಲ್ಲ, ಜನರ ದುಶ್ಚಟ ಬೇಡಿದರು. ಕುಡುಕನನ್ನು ಊರು ಬಿಡಿಸಲಿಲ್ಲ, ಅವನ ಬಾಗಿಲಿಗೇ ಹೋದರು. ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು. ನಮ್ಮ ನಿಲಯಗಳಲ್ಲಿ ತಪ್ಪಿದ ಹುಡುಗನಿಗೆ ಏಕಿಲ್ಲ?

"ಹಾಗಾದರೆ ಶಿಸ್ತು ಬೇಡವೇ?" ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ಬೇಕು. ಮಾರುವವನಿಗೆ ಪೊಲೀಸರೇ ಸರಿ. ಶಾಲಾ ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯೇ ಹೇಳುತ್ತದೆ. ಗೇಟಿನೆದುರಿನ ಗುಟ್ಕಾ ಡಬ್ಬಿ ಅಂಗಡಿಯನ್ನು ಎಷ್ಟು ಪ್ರಾಂಶುಪಾಲರು ಎತ್ತಿಸಿದ್ದಾರೆ? ಚಟಕ್ಕೆ ಸಿಕ್ಕವನ ವಿಷಯ ಬೇರೆ. 1985ರ ಮಾದಕ ವಸ್ತು ಕಾಯ್ದೆ ಕಠಿಣವಾದದ್ದು. ಅದರ 64ಎ ಕಲಮು ಕೂಡ, ತಾನಾಗಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸುವ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಸರ್ಕಾರದ ಕಾಯ್ದೆಗೆ ಇರುವಷ್ಟು ಕರುಣೆ ದಯೆಯೇ ಧರ್ಮವೆನ್ನುವ ನಮ್ಮ ಸಂಸ್ಥೆಗಳ ನಿಯಮಕ್ಕೆ ಇಲ್ಲದಿದ್ದರೆ ಹೇಗೆ?

ನಾನು ಕೇಳುವುದು ಇಷ್ಟು. ತಾನಾಗಿ ಬಂದು ಸಹಾಯ ಕೇಳಿದ ವಿದ್ಯಾರ್ಥಿಗೆ ಶಿಕ್ಷೆಯಿಲ್ಲ ಎಂದು ವಿಶ್ವವಿದ್ಯಾಲಯಗಳೂ ಮಠಗಳ ಕಾಲೇಜುಗಳೂ ಬರೆದು ಗೋಡೆಗೆ ಹಚ್ಚಲಿ. ಅವನ ಮಾತು ಕೇಳಲು ತರಬೇತಾದ ಆಪ್ತಸಮಾಲೋಚಕರಿರಲಿ. ದಂಡ ಹಾಕುವ ವಾರ್ಡನ್ ಈ ಕೆಲಸಕ್ಕೆ ಆಗುವುದಿಲ್ಲ, ಇದು ನನ್ನ ಅನುಭವ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗೆ ಚಿಕಿತ್ಸೆಗೆ ಹೋದವನ ಸೀಟು, ಕೋಣೆ ಉಳಿಯಲಿ. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಈ ಎರಡು ಸಂಖ್ಯೆಗಳು ಪ್ರಸಾದದ ಸಾಲಿನಲ್ಲಿ ಕೂತವರಿಗೆ ಕಾಣುವಂತಿರಲಿ.

ಇನ್ನೊಂದು ಮಾತು, ಕಹಿಯಾದರೂ. ಜಾತ್ರೆಯ ಬ್ಯಾನರಿನಲ್ಲಿ ಬಾರ್ ಮಾಲೀಕನ ಫೋಟೊ, ವೇದಿಕೆಯಲ್ಲಿ ಅವನಿಗೆ ಶಾಲು. ಅವನ ಅಂಗಡಿಯಲ್ಲಿ ಕುಡಿದ ಹುಡುಗನಿಗೆ ವರ್ಗಾವಣೆ ಪತ್ರ. ಮಕ್ಕಳು ಇದನ್ನೆಲ್ಲ ನೋಡುತ್ತಿದ್ದಾರೆ. ಅವರ ಮುಂದೆ ನಮ್ಮ ಭಾಷಣ ಎಷ್ಟು ತೂಗೀತು?

ಮುಂದಿನ ಆಗಸ್ಟ್ 1ಕ್ಕೆ ಹೂಮಾಲೆ ಕಡಿಮೆಯಾದರೂ ಚಿಂತೆಯಿಲ್ಲ. ಹೊರಹಾಕಿದ ಒಬ್ಬ ಹುಡುಗನ ಮನೆಗೆ ಹೋಗಿ ಅವನನ್ನು ಮರಳಿ ಕರೆತನ್ನಿ. ನಾನು ನನ್ನ ಪಾಲಿನ ಮನೆಗೆ ಹೊರಟಿದ್ದೇನೆ.