ನಡುಹೊಳೆಯಲ್ಲಿ ಎಂಜಿನ್ ಬಿಚ್ಚುವ ಹಕ್ಕು ಯಾರದು?

ಹೌರಾ ಘಾಟಿನಿಂದ ಬಾಬುಘಾಟಿಗೆ ಹೊರಟ ಲಾಂಚು ದಡ ಬಿಟ್ಟು ಮೂರು ನಾಲ್ಕು ನಿಮಿಷವಾಗಿದೆ ಎಂದಿಟ್ಟುಕೊಳ್ಳಿ. ಇಳಿತದ ಹೊತ್ತು. ಹೂಗ್ಲಿ ನದಿ ದಕ್ಷಿಣಕ್ಕೆ ಜೋರಾಗಿ ಎಳೆಯುತ್ತಿದೆ. ಎಂಜಿನ್ನಿನ ಉಷ್ಣಮಾಪಕದಲ್ಲಿ 80ರ ಆಸುಪಾಸಿನಲ್ಲಿ ಇರಬೇಕಾದ ಮುಳ್ಳು 90 ದಾಟಿ ಮೇಲೇರುತ್ತಿದೆ. ಡ್ರೈವರನ ಮುಂದೆ ಈಗ ಎರಡೇ ದಾರಿ. ಎಂಜಿನ್ ಓಡಿಸುತ್ತಲೇ ಇದ್ದರೆ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ಕೊನೆಗೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಬಂದ್ ಮಾಡಿದರೆ ನೂರಾರು ಜನ ಹತ್ತಿರುವ ಲಾಂಚು ಚುಕ್ಕಾಣಿಯ ಮಾತು ಕೇಳದೆ ನೀರು ಎಳೆದ ಕಡೆ ಹೋಗುತ್ತದೆ. ಆ ಕಡೆ ಕಬ್ಬಿಣದ ತೇಲುಜೆಟ್ಟಿಗಳಿವೆ, ಲಂಗರು ಹಾಕಿ ನಿಂತ ಬಾರ್ಜ್‌ಗಳಿವೆ.

ಇಂಥ ಹೊತ್ತಿನಲ್ಲಿ ಕಾರಣ ಹುಡುಕಿದರೆ ಸಿಗುವುದು ಬಹುಪಾಲು ತೀರ ಸಣ್ಣದು. ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿರುತ್ತದೆ, ಸ್ಟ್ರೈನರಿನಲ್ಲಿ ಹುಲ್ಲು ತುಂಬಿರುತ್ತದೆ, ಇಲ್ಲವೇ ಪಂಪಿನ ರಬ್ಬರ್ ಇಂಪೆಲ್ಲರಿನ ಎರಡು ರೆಕ್ಕೆ ಕಿತ್ತುಹೋಗಿರುತ್ತವೆ. ಸಾಮಾನು ಕೈಯಲ್ಲಿದ್ದರೆ, ಕೈಗೆ ಅಭ್ಯಾಸವಿದ್ದರೆ, ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆಯ ಕೆಲಸಕ್ಕೆ ಯಾರು ಕೈ ಹಾಕಬಹುದು ಎಂಬುದೇ ಜಗಳ.

ವಾರಂಟಿ ಕಾಗದದ ವಾದ ಎಲ್ಲರಿಗೂ ಗೊತ್ತಿರುವಂಥದ್ದು: ಅಧಿಕೃತ ಸರ್ವಿಸ್‌ನವರಲ್ಲದೆ ಬೇರೆಯವರು ಮುಟ್ಟಿದರೆ ಹೊಣೆ ನಮ್ಮದಲ್ಲ. ಇದಕ್ಕೆ ನಗರದ ಓದಿದವರ ವಾದವೂ ಸೇರಿಕೊಳ್ಳುತ್ತದೆ. ಅವರ ಪ್ರಕಾರ ದೋಣಿಯ ಮಿಸ್ತ್ರಿ ಎಂದರೆ ತಂತಿ ಸುತ್ತುವವನು, ಟೇಪ್ ಅಂಟಿಸುವವನು, ಜನರ ಜೀವದ ಜೊತೆ ಆಡುವವನು. 2016ರಲ್ಲಿ ಕಾಲ್ನಾದ ಬಳಿ ದೋಣಿ ಮುಳುಗಿ, 2017ರಲ್ಲಿ ಭದ್ರೇಶ್ವರದ ತೇಲಿನಿಪಾಡಾದಲ್ಲಿ ಜೆಟ್ಟಿ ಕುಸಿದು ಜನ ಸತ್ತ ಮೇಲೆ ಈ ಮಾತು ಇನ್ನಷ್ಟು ಗಟ್ಟಿಯಾಯಿತು. ಕಾಲ್ನಾದಲ್ಲಿ ಮಿತಿಮೀರಿ ಜನ ಹತ್ತಿದ್ದರು. ತೇಲಿನಿಪಾಡಾದಲ್ಲಿ ಬಿದಿರಿನ ಜೆಟ್ಟಿ ನೀರಿನ ರಭಸಕ್ಕೆ ಮುರಿಯಿತು. ಮಿಸ್ತ್ರಿಯ ಸ್ಪ್ಯಾನರಿಗೂ ಇವೆರಡಕ್ಕೂ ಏನು ಸಂಬಂಧ? ಆದರೂ ಬೈಗುಳ ಬಿದ್ದದ್ದು ಭುಟ್‌ಭುಟಿಗೆ. ಎಂಜಿನ್ನಿನ ಸದ್ದಿನಿಂದಲೇ ಹೆಸರು ಪಡೆದ ಬಂಗಾಳದ ಈ ಮರದ ದೋಣಿಯ ಹೊಟ್ಟೆಯಲ್ಲಿ ಇರುವುದು, ಕರ್ನಾಟಕದ ರೈತ ಹೊಳೆದಂಡೆಯಲ್ಲಿ ಕೂರಿಸುತ್ತಿದ್ದ ಡೀಸೆಲ್ ಪಂಪ್‌ಸೆಟ್ಟಿನ ಜಾತಿಯ ಎಂಜಿನ್. ಆ ರೈತನಿಗೆ ಅದನ್ನು ಬಿಚ್ಚಿ ಜೋಡಿಸಲು ಯಾರ ಅನುಮತಿಯೂ ಬೇಕಿರಲಿಲ್ಲ.

ತಣಿಸುವ ವ್ಯವಸ್ಥೆಯನ್ನು ಒಮ್ಮೆ ನೋಡಿದರೆ ಈ ಹೆದರಿಕೆ ಎಷ್ಟು ಸುಳ್ಳೆಂದು ತಿಳಿಯುತ್ತದೆ. ದೊಡ್ಡ ಲಾಂಚುಗಳ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ನೀರು. ಒಂದು ಕೂಲಂಟ್ ಬೆರೆಸಿದ ಶುದ್ಧ ನೀರು. ಅದು ಎಂಜಿನ್ನಿನ ಒಳಗೇ ಸುತ್ತುತ್ತದೆ, ಹೊರಗೆ ಬರುವುದಿಲ್ಲ. ಇನ್ನೊಂದು ನದಿಯ ನೀರು. ತಳದ ವಾಲ್ವಿನಿಂದ ಒಳಬಂದು, ಸ್ಟ್ರೈನರಿನಲ್ಲಿ ಸೋಸಿ, ರಬ್ಬರ್ ರೆಕ್ಕೆಯ ಪಂಪಿನಿಂದ ತಳ್ಳಿಸಿಕೊಂಡು, ಹೀಟ್ ಎಕ್ಸ್‌ಚೇಂಜರಿನ ಸಣ್ಣ ನಳಿಗೆಗಳ ಮೂಲಕ ಹಾದು, ಒಳನೀರಿನ ಬಿಸಿಯನ್ನು ಹೊತ್ತುಕೊಂಡು, ಹಲವು ಎಂಜಿನ್ನುಗಳಲ್ಲಿ ಹೊಗೆಯ ಕೊಳವೆಯ ಜೊತೆಗೇ ಹೊರಬೀಳುತ್ತದೆ. ಭುಟ್‌ಭುಟಿಯಲ್ಲಿ ಇಷ್ಟೂ ಇಲ್ಲ. ಹೊಳೆಯ ನೀರೇ ಎಂಜಿನ್ನಿನ ಒಳಹೊಕ್ಕು ಪಕ್ಕದ ಕೊಳವೆಯಿಂದ ಉಗುಳಿಕೊಳ್ಳುತ್ತದೆ. ಎರಡರಲ್ಲೂ ಕಾಯಿಲೆ ಮೊದಲು ಕಾಣಿಸುವುದು ನದಿನೀರಿನ ದಾರಿಯಲ್ಲಿ, ಮತ್ತು ಆ ದಾರಿಯನ್ನು ತಿಳಿಯಲು ಕಂಪ್ಯೂಟರ್ ಬೇಡ. ಹೊರಬೀಳುವ ನೀರಿನ ಧಾರೆ ಸೊರಗಿದೆಯೇ? ಹಾಗಾದರೆ ಮೊದಲು ಸ್ಟ್ರೈನರ್, ಆಮೇಲೆ ಇಂಪೆಲ್ಲರ್. ಧಾರೆ ಚೆನ್ನಾಗಿದ್ದೂ ಎಂಜಿನ್ ಕಾಯುತ್ತಿದೆಯೇ? ಒಳನೀರು ಕಡಿಮೆಯಾಗಿರಬೇಕು, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿರಬೇಕು, ಇಲ್ಲವೇ ನಳಿಗೆಗಳಲ್ಲಿ ಪದರ ಕಟ್ಟಿರಬೇಕು. ನಿಧಾನಕ್ಕೆ ಓಡುವಾಗ ಸರಿಯಿದ್ದು ವೇಗ ಏರಿಸಿದಾಗ ಮಾತ್ರ ಕಾದರೆ ಅನುಮಾನ ನಳಿಗೆಗಳ ಮೇಲೆ. ಪ್ರೊಪೆಲ್ಲರಿಗೆ ಹಗ್ಗವೋ ಬಲೆಯೋ ಸುತ್ತಿಕೊಂಡು ಎಂಜಿನ್ನಿಗೆ ಭಾರ ಬಿದ್ದಿರಲೂಬಹುದು. ಒಳನೀರಿನ ಟ್ಯಾಂಕಿನಲ್ಲಿ ಗುಳ್ಳೆ ಎದ್ದು ಎದ್ದು ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಗೆ ನದಿಯ ಮೇಲಿನ ಕೆಲಸ ಮುಗಿಯಿತು, ವರ್ಕ್‌ಶಾಪಿಗೆ ನಡೆಯಬೇಕು.

ಇದಿಷ್ಟನ್ನು ಕಲಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕಲಿಸುವವರು ಬೇಕು.

ಹೂಗ್ಲಿಯ ಸ್ವಭಾವ ಗೊತ್ತಿದ್ದವರಿಗೆ ಇನ್ನೊಂದು ವಿಷಯವೂ ಗೊತ್ತು. ಎಂಜಿನ್ ಪುಸ್ತಕದಲ್ಲಿ ಬರೆದ ‘ಇಷ್ಟು ಗಂಟೆಗೊಮ್ಮೆ ಇಂಪೆಲ್ಲರ್ ಬದಲಿಸಿ’ ಎಂಬ ಮಾತು ಸ್ವಚ್ಛ ನೀರನ್ನು ನೆನೆದು ಬರೆದದ್ದು. ಇಲ್ಲಿಯ ನೀರು ಹೂಳಿನದು. ಕಲ್ಕತ್ತಾ ಬಂದರನ್ನು ಹೂಳಿನಿಂದ ಉಳಿಸಲೆಂದೇ ಫರಕ್ಕಾ ಬ್ಯಾರೇಜ್ ಕಟ್ಟಿ 1975ರಲ್ಲಿ ಗಂಗೆಯ ನೀರನ್ನು ಇತ್ತ ತಿರುಗಿಸಿದರು. ಹೂಳು ಹೋಗಲಿಲ್ಲ, ಬಂದರಿಗೆ ಡ್ರೆಜಿಂಗ್ ಇಂದಿಗೂ ತಪ್ಪಿಲ್ಲ. ಹಡಗುಗಳ ದಾರಿಗೆ ಅಡ್ಡವಾಗುವ ಅದೇ ಹೂಳು ಪಂಪಿನೊಳಗೆ ಉಪ್ಪುಕಾಗದದಂತೆ ಉಜ್ಜುತ್ತದೆ. ಇಂಪೆಲ್ಲರಿನ ರೆಕ್ಕೆ ತೆಳುವಾಗುತ್ತದೆ, ಪಂಪಿನ ಮುಚ್ಚಳದಲ್ಲಿ ವರ್ತುಲದ ಗೀರು ಬೀಳುತ್ತದೆ, ನೀರೆಳೆಯುವ ಶಕ್ತಿ ಕುಂದುತ್ತದೆ. ಅನುಭವಿ ಮಿಸ್ತ್ರಿ ಎರಡೂ ಮುಖ ಒಂದೇ ಬಗೆಯಾಗಿರುವ ಮುಚ್ಚಳವನ್ನು ತಿರುವಿಹಾಕಿ, ಗೀರಿಲ್ಲದ ಮುಖ ಒಳಗೆ ಬರುವಂತೆ ಕೂರಿಸುತ್ತಾನೆ. ದುಡ್ಡು ಖರ್ಚಿಲ್ಲದ ದುರಸ್ತಿ. ಪೂರ್ತಿ ಸವೆದರೆ ಹೌರಾದ ಬೆಲಿಲಿಯಸ್ ರಸ್ತೆಯ ಲೇತ್‌ನವರು ಹೊಸದನ್ನು ಕೊರೆದುಕೊಡಬಲ್ಲರು.

ನೀರಿನ ಕಳೆಯೂ ಇದೆ. ಬಂಗಾಳಿಗಳು ಕಚುರಿಪಾನಾ ಎನ್ನುವ, ನೇರಳೆ ಹೂವು ಬಿಡುವ ಆ ಜಲಕಳೆಯ ಕಾಟ ಎಷ್ಟಿತ್ತೆಂದರೆ ಅದರ ಮೇಲೇ 1936ರಲ್ಲಿ ಬಂಗಾಳ ಒಂದು ಕಾಯಿದೆ ಮಾಡಿತು. ಕಾಯಿದೆ ಹಳತಾಯಿತು, ಕಳೆ ಈಗಲೂ ಹೊಸತೇ. ಇನ್ನು ವಿಜಯದಶಮಿ. ದುರ್ಗೆಯ ಮೂರ್ತಿಯ ಒಳಗಿರುವುದು ಬಿದಿರಿನ ಚೌಕಟ್ಟು, ಅದರ ಮೇಲೆ ಹುಲ್ಲಿನ ಕಟ್ಟು, ಅದರ ಮೇಲೆ ಮಣ್ಣು. ಬಾಬುಘಾಟಿನಲ್ಲಿ ವಿಸರ್ಜನೆಯಾದ ಮೂರ್ತಿಗಳನ್ನು ಕ್ರೇನ್ ಹಚ್ಚಿ ಬೇಗ ಎತ್ತುತ್ತಾರೆ, ನಿಜ. ಆದರೂ ಹುಲ್ಲು, ಹೂವು, ದಾರ ನೀರಿನಲ್ಲಿ ತೇಲುತ್ತವೆ. ಆ ವಾರ ಸ್ಟ್ರೈನರನ್ನು ದಿನಕ್ಕೊಮ್ಮೆ ತೆಗೆದರೂ ಸಾಲದು. ಇದನ್ನು ಯಾವ ವಿದೇಶಿ ಕಂಪನಿಯ ಸರ್ವಿಸ್ ವೇಳಾಪಟ್ಟಿ ಬರೆದೀತು? ಇನ್ನೊಂದು ಉದಾಹರಣೆ ಸತುವಿನ ಕಡ್ಡಿ. ಉಪ್ಪುನೀರಿನಲ್ಲಿ ಹೀಟ್ ಎಕ್ಸ್‌ಚೇಂಜರಿನ ಲೋಹ ಸವೆಯದಂತೆ ತಾನು ಸವೆಯುವ ಕಡ್ಡಿ ಅದು. ಕಲ್ಕತ್ತಾದ ಬಳಿ ನದಿ ಬಹುಕಾಲ ಸಿಹಿನೀರಿನದು. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸಿಬಿಡುತ್ತದೆ, ನೋಡುವವರಿಗೆ ಸವೆಯದೆ ಗಟ್ಟಿಯಾಗಿರುವಂತೆ ಕಾಣುತ್ತದೆ. ಸುಂದರಬನದ ಉಪ್ಪುನೀರಿಗೆ ಹೋಗಿಬರುವ ದೋಣಿಯ ಲೆಕ್ಕ ಬೇರೆ, ಹೌರಾ–ಬಾಬುಘಾಟ್ ನಡುವೆಯೇ ಓಡಾಡುವ ಲಾಂಚಿನ ಲೆಕ್ಕ ಬೇರೆ. ನದಿಯನ್ನು ಬಲ್ಲವನು ಎಂಜಿನ್ನನ್ನು ಮುಟ್ಟಬಾರದು ಎಂದರೆ ನದಿಯ ಬಗೆಗಿನ ತಿಳಿವಳಿಕೆ ಎಂಜಿನ್ನಿಗೆ ತಲುಪುವ ದಾರಿಯೇ ಮುಚ್ಚಿದಂತೆ.

ಹಾಗೆಂದು ಮಿಸ್ತ್ರಿಗಳು ಮಾಡುವುದೆಲ್ಲ ಸರಿ ಎನ್ನಲಾಗದು. ಥರ್ಮೋಸ್ಟಾಟ್ ಸಿಕ್ಕಿಹಾಕಿಕೊಂಡಾಗ ಅದನ್ನು ಕಿತ್ತು ಬಿಸಾಡಿ ‘ಇನ್ನು ಕಾಯುವುದೇ ಇಲ್ಲ’ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಆ ಎಂಜಿನ್ ಆಮೇಲೆ ಸರಿಯಾಗಿ ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಮಸಿ ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೂಲಂಟಿನ ಬದಲು ಹೊಳೆನೀರನ್ನೇ ಟ್ಯಾಂಕಿಗೆ ಸುರಿಯುವವರಿದ್ದಾರೆ. ಕಿತ್ತುಹೋದ ರಬ್ಬರ್ ರೆಕ್ಕೆಯ ಚೂರು ಎಲ್ಲಿ ಹೋಯಿತೆಂದು ಹುಡುಕದೆ ಹೊಸ ಇಂಪೆಲ್ಲರ್ ಹಾಕುವವರಿದ್ದಾರೆ. ಆ ಚೂರು ನಳಿಗೆಯ ಬಾಯಲ್ಲಿ ಕೂತು ತಿಂಗಳ ನಂತರ ಮತ್ತೆ ಎಂಜಿನ್ ಕಾಯಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಾದ ಎಂಜಿನ್ನಿನ ಮುಚ್ಚಳವನ್ನು ಬರಿಗೈಲಿ ತಿರುಗಿಸುವುದು. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಈ ತಪ್ಪುಗಳು ನಡೆಯುವುದು ಕೆಲಸ ಕದ್ದುಮುಚ್ಚಿ ನಡೆಯುವುದರಿಂದ. ಮುಟ್ಟಬಾರದು ಎಂದು ಹೇಳಿಸಿಕೊಂಡವನು ಮುಟ್ಟದೇ ಇರುವುದಿಲ್ಲ, ಕೇಳದೆ ಮುಟ್ಟುತ್ತಾನೆ. ಇಂಗ್ಲಿಷಿನ ಮ್ಯಾನ್ಯುವಲ್ ಆಫೀಸಿನ ಕಪಾಟಿನಲ್ಲಿರುತ್ತದೆ, ಎಂಜಿನ್ ಕೋಣೆಯಲ್ಲಿರುವವನು ಬಾಂಗ್ಲಾ ಓದುತ್ತಾನೆ. ಮಲ್ಪೆ, ಗಂಗೊಳ್ಳಿಯ ಬಂದರುಗಳಲ್ಲೂ ಕಥೆ ಬಹಳ ಬೇರೆಯಲ್ಲ. ಕರಾವಳಿಯ ತಂಡೇಲನೂ ಹಳೆಯ ಬಂಗಾಳದ ಸ್ಟೀಮರಿನ ಟಿಂಡಾಲನೂ ಒಂದೇ ಪದದ ಎರಡು ರೂಪ. ಇಬ್ಬರಿಗೂ ಅವರವರ ಭಾಷೆಯಲ್ಲಿ ಎಂಜಿನ್ ಪುಸ್ತಕ ಸಿಕ್ಕಿಲ್ಲ ಎನ್ನುವುದೂ ಒಂದೇ.

ವಿಮಾನದ ಪೈಲಟ್ ಆಕಾಶದಲ್ಲಿ ಎಂಜಿನ್ ಬಿಚ್ಚುತ್ತಾನೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಅದಕ್ಕೇ ಪ್ರಯಾಣಿಕರ ವಿಮಾನಕ್ಕೆ ಎರಡು ಎಂಜಿನ್ ಇರುತ್ತವೆ, ಒಂದರಲ್ಲೇ ಇಳಿಯುವ ಅಭ್ಯಾಸವನ್ನೂ ಪೈಲಟ್‌ಗೆ ಮಾಡಿಸಿರುತ್ತಾರೆ. ಕಾರು ಕೆಟ್ಟರೆ ರಸ್ತೆಯ ಅಂಚಿಗೆ ತಳ್ಳಿ ಫೋನ್ ಮಾಡಬಹುದು. ಹೊಳೆಗೆ ಅಂಚೆಂದರೆ ಜೆಟ್ಟಿ, ಇಲ್ಲವೇ ಕೆಸರು.

ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕಿ’ಗೆ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ದೋಣಿ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ರೈತರು ತಮ್ಮ ಟ್ರ್ಯಾಕ್ಟರುಗಳನ್ನು ತಾವೇ ದುರಸ್ತಿ ಮಾಡಿಕೊಳ್ಳಲು ಬೇಕಾದ ಮಾಹಿತಿ, ಬಿಡಿಭಾಗ, ಉಪಕರಣಗಳನ್ನು ಕಂಪನಿಗಳು ಕೊಡಲೇಬೇಕೆಂದು ಕಾನೂನು ಮಾಡಿತು. ಕೆಟ್ಟ ಟ್ರ್ಯಾಕ್ಟರ್ ಹೊಲದಲ್ಲಿ ಸುಮ್ಮನೆ ನಿಂತಿರುತ್ತದೆ. ಕೆಟ್ಟ ಲಾಂಚು ಜನರನ್ನು ಹೊತ್ತು ತೇಲಿಹೋಗುತ್ತದೆ. ಯಾವುದಕ್ಕೆ ಮೊದಲು ಆ ಹಕ್ಕು ಸಿಗಬೇಕಿತ್ತು?

ದುಡ್ಡಿಲ್ಲ ಎಂಬ ನೆಪವೂ ಇಲ್ಲಿ ನಡೆಯದು. ಪಶ್ಚಿಮ ಬಂಗಾಳದ ಒಳನಾಡು ಜಲಸಾರಿಗೆಗೆಂದು 2021ರ ಜನವರಿಯಲ್ಲಿ ವಿಶ್ವಬ್ಯಾಂಕಿನ ಜೊತೆ 105 ಮಿಲಿಯನ್ ಡಾಲರಿನ ಯೋಜನೆಗೆ ಸಹಿ ಬಿತ್ತು. ಅದೇ ವರ್ಷ 1917ರ ಕಾಯಿದೆಯನ್ನು ತೆಗೆದು ಹೊಸ ಒಳನಾಡು ಹಡಗು ಕಾಯಿದೆಯೂ ಬಂತು. ಹೊಸ ಹಡಗು ಕೊಳ್ಳುವ ಟೆಂಡರಿನಲ್ಲಿ ನಾಲ್ಕು ಸಾಲು ಸೇರಿಸಲು ಎಷ್ಟು ಖರ್ಚು? ಸ್ಟ್ರೈನರ್ ಮತ್ತು ಪಂಪಿನ ಮುಚ್ಚಳ ನಿಂತುಕೊಂಡೇ ಕೈಗೆಟುಕುವಂತಿರಬೇಕು. ಎರಡು ಸ್ಟ್ರೈನರ್ ಇರಬೇಕು, ಒಂದನ್ನು ತೆಗೆದಾಗ ಇನ್ನೊಂದು ಓಡಬೇಕು. ಇಂಪೆಲ್ಲರ್, ಗ್ಯಾಸ್ಕೆಟ್, ಬೆಲ್ಟ್, ಹೋಸ್ ಕ್ಲಿಪ್ ಹಡಗಿನಲ್ಲೇ ಇರಬೇಕು, ಅವನ್ನು ಹಾಕಿದ್ದಕ್ಕೆ ವಾರಂಟಿ ಹೋಗಬಾರದು. ಕೈಪಿಡಿ ಬಾಂಗ್ಲಾದಲ್ಲಿರಬೇಕು. ಹೂಳಿನ ನದಿಗೆ, ತಳದ ಹೊರಮೈಯ ಕೊಳವೆಗಳಲ್ಲೇ ಒಳನೀರನ್ನು ತಣಿಸುವ ಕೀಲ್ ಕೂಲಿಂಗ್ ಇನ್ನೂ ಮೇಲು, ಅಲ್ಲಿ ನದಿನೀರು ಎಂಜಿನ್ ಕೋಣೆಗೆ ಬರುವ ಅಗತ್ಯವೇ ಬಹಳ ಕಡಿಮೆ. ಇದನ್ನು ಯಾವ ಹಳೆಯ ಮಿಸ್ತ್ರಿಯೂ ಹೇಳಿಯಾನು, ಕೇಳುವವರಿದ್ದರೆ.

ಡೀಸೆಲ್ ಹೋಗಿ ವಿದ್ಯುತ್ ಲಾಂಚು ಬರುತ್ತದೆ, ಆಗ ಈ ಜಗಳವೇ ಇರುವುದಿಲ್ಲ ಎನ್ನುವವರೂ ಇದ್ದಾರೆ. ದೊಡ್ಡ ಮೋಟಾರು, ಇನ್ವರ್ಟರ್, ಬ್ಯಾಟರಿಗಳಲ್ಲೂ ಬಹಳಷ್ಟು ನೀರಿನಿಂದಲೇ ತಣಿಯುವಂಥವು. ಅವಕ್ಕೂ ಪಂಪಿದೆ, ಹಲವಕ್ಕೆ ಸ್ಟ್ರೈನರೂ ಇದೆ. ಪ್ಲಾಸ್ಟಿಕ್ ಚೀಲ ಬಂದು ಅಂಟುವ ಮೊದಲು ಒಳಗಿರುವುದು ಡೀಸೆಲ್ಲೋ ಬ್ಯಾಟರಿಯೋ ಎಂದು ವಿಚಾರಿಸುವುದಿಲ್ಲ.

ವಿಮೆಯವರ ಆಕ್ಷೇಪ ಮಾತ್ರ ಉತ್ತರ ಕೊಡಬೇಕಾದದ್ದು: ಯಾರು ಬೇಕಾದರೂ ಕೈ ಹಾಕಿದರೆ ಹೊಣೆ ಯಾರದು? ಗೆರೆ ಎಳೆಯುವುದು ಕಷ್ಟವಲ್ಲ. ಇಂಜೆಕ್ಷನ್ ಪಂಪ್, ಹೆಡ್, ಕ್ರ್ಯಾಂಕ್ ವರ್ಕ್‌ಶಾಪಿನವು. ತಳದ ವಾಲ್ವಿನಿಂದ ಥರ್ಮೋಸ್ಟಾಟ್‌ವರೆಗಿನ ನೀರಿನ ದಾರಿ ಹಡಗಿನವರದು. ಆ ದಾರಿಯ ಕೆಲಸವನ್ನು ಡ್ರೈವರ್ ಲೈಸೆನ್ಸಿನ ಪರೀಕ್ಷೆಯಲ್ಲಿ ಬಾಯಿಪಾಠದ ಪ್ರಶ್ನೆಯಾಗಿ ಕೇಳದೆ ಕೈಯಿಂದಲೇ ಮಾಡಿಸಿ ನೋಡಬೇಕು: ಘಾಟಿಗೆ ಕಟ್ಟಿದ ಲಾಂಚಿನಲ್ಲಿ, ವಾಲ್ವ್ ಮುಚ್ಚಿ, ಎಂಜಿನ್ ತಣಿದಾಗೊಮ್ಮೆ, ಕತ್ತಲಲ್ಲಿ ಟಾರ್ಚ್ ಹಿಡಿದು ಇನ್ನೊಮ್ಮೆ. ಮಾಡಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆಸಬೇಕು: ಯಾವ ದಿನ ಇಂಪೆಲ್ಲರ್ ಬದಲಾಯಿತು, ಕಿತ್ತ ರೆಕ್ಕೆಗಳು ಎಷ್ಟು, ಸಿಕ್ಕ ಚೂರುಗಳು ಎಷ್ಟು. ಎರಡು ಸಂಖ್ಯೆ ತಾಳೆಯಾಗದಿದ್ದರೆ ಆ ಲಾಂಚು ಮರುದಿನ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡಬಾರದು.